ಯಾರೂ ಆಫ್ ಮಾಡದ ಹಾಡು

2025ರ ಅಕ್ಟೋಬರ್‌ನಲ್ಲಿ ಅಮೆರಿಕದ ಬಿಲ್‌ಬೋರ್ಡ್ ಸಂಗೀತ ಪತ್ರಿಕೆ, ವಾರದ ನೂರು ಜನಪ್ರಿಯ ಹಾಡುಗಳನ್ನು ಸಾಲಾಗಿಸುವ ತನ್ನ ‘ಹಾಟ್ 100’ ಪಟ್ಟಿಯಲ್ಲಿ ಹಳೆಯ ಹಾಡುಗಳು ಎಷ್ಟು ಕಾಲ ಉಳಿಯಬಹುದು ಎಂಬ ನಿಯಮವನ್ನು ಬಿಗಿ ಮಾಡಿತು. ಅದರೊಂದಿಗೆ ಟೆಡ್ಡಿ ಸ್ವಿಮ್ಸ್ ಎಂಬ ಗಾಯಕನ ‘ಲೂಸ್ ಕಂಟ್ರೋಲ್’ ಪಟ್ಟಿಯಿಂದ ಹೊರಬಿತ್ತು. ಹೊರಬೀಳುವ ಹೊತ್ತಿಗೆ ಆ ಹಾಡು ಅಲ್ಲಿ ಕೂತು 112 ವಾರಗಳಾಗಿದ್ದವು. ಅಂದರೆ ಎರಡು ವರ್ಷದ ಮೇಲೆ ಎಂಟು ವಾರ. 1958ರಲ್ಲಿ ಆರಂಭವಾದ ಈ ಪಟ್ಟಿಯಲ್ಲಿ ಅಷ್ಟು ಕಾಲ ಬೇರೆ ಯಾವ ಹಾಡೂ ನಿಂತಿರಲಿಲ್ಲ. ಅದಕ್ಕೆ ಮೊದಲಿನ ದಾಖಲೆ ಗ್ಲಾಸ್ ಅನಿಮಲ್ಸ್ ತಂಡದ ‘ಹೀಟ್ ವೇವ್ಸ್’ ಹಾಡಿನದು, 91 ವಾರ.

ಇಷ್ಟೆಲ್ಲ ಕಾಲ ಉಳಿದ ಹಾಡು ಮೊದಲನೆಯ ಸ್ಥಾನದಲ್ಲಿದ್ದದ್ದು ಒಂದೇ ಒಂದು ವಾರ, 2024ರ ಮಾರ್ಚ್‌ನಲ್ಲಿ. ಆದರೂ ಆ ವರ್ಷದ ಒಟ್ಟು ಲೆಕ್ಕದಲ್ಲಿ ಅದೇ ಮೊದಲನೆಯದು. ಓಟದಲ್ಲಿ ಹೆಚ್ಚು ಹೊತ್ತು ಮುಂದಿರದೆ, ಯಾವತ್ತೂ ಹಿಂದೆಯೂ ಬೀಳದೆ ಪದಕ ಗೆದ್ದ ಓಟಗಾರನ ಹಾಗೆ. ಮೊಬೈಲ್‌ನಲ್ಲಿ ಹಾಡು ಕೇಳುವ ಹುಡುಗ ಹುಡುಗಿಯರು ಅಷ್ಟು ಹೊತ್ತಿಗೆ ಹತ್ತಾರು ಹೊಸ ಹಾಡುಗಳನ್ನು ಹಿಡಿದು ಬಿಟ್ಟಿದ್ದರು. ಬಿಡದೆ ಹಿಡಿದುಕೊಂಡಿದ್ದು ರೇಡಿಯೊ. ಅದರಲ್ಲೂ ‘ಅಡಲ್ಟ್ ಕಂಟೆಂಪರರಿ’ ಎಂದು ಕರೆಸಿಕೊಳ್ಳುವ ಕೇಂದ್ರಗಳು ಮತ್ತು ಅವುಗಳ ಹತ್ತಿರದ ನೆಂಟರು. ಉದ್ಯಮದಲ್ಲಿರುವವರು ಇದನ್ನು ಚಿಕ್ಕದಾಗಿ ‘ಎಸಿ’ ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ.

‘ಅಡಲ್ಟ್’ ಎಂದ ಕೂಡಲೇ ನಮ್ಮ ಸಿನಿಮಾ ಪೋಸ್ಟರ್‌ಗಳ ಮೂಲೆಯ ‘ಎ’ ಅಕ್ಷರ ನೆನಪಾದರೆ ತಪ್ಪಿಲ್ಲ. ಆದರೆ ಇಲ್ಲಿ ಅದರ ಅರ್ಥ ತಿರುವುಮುರುವು. ಎಸಿ ಕೇಂದ್ರದಲ್ಲಿ ಅಮ್ಮನ ಎದುರು ಕೇಳಲು ಮುಜುಗರವಾಗುವಂಥದ್ದು ಏನೂ ಬರುವುದಿಲ್ಲ. ಅಡಲ್ಟ್ ಎಂದರೆ ಇಲ್ಲಿ ಕೆಲಸಕ್ಕೆ ಹೋಗುವ, ಮಕ್ಕಳನ್ನು ಶಾಲೆಗೆ ಬಿಡುವ, ಸೋಪು, ಸೋಫಾ, ಕಾರು ಕೊಳ್ಳುವ ನಿರ್ಧಾರ ಮಾಡುವ ವ್ಯಕ್ತಿ. ಜಾಹೀರಾತಿನವರ ಭಾಷೆಯಲ್ಲಿ 25ರಿಂದ 54 ವಯಸ್ಸಿನವರು, ಮುಖ್ಯವಾಗಿ ಮಹಿಳೆಯರು. ಹದಿಹರೆಯದವರಿಗೆ ಆ ಹೊತ್ತಿನ ಹಿಟ್ ಹಾಡುಗಳನ್ನೇ ಹಾಕುವ ‘ಟಾಪ್ 40’ ಕೇಂದ್ರಗಳಿವೆ. ಅವರ ತಾಯಂದಿರಿಗೆ ಎಸಿ.

ಹಿಟ್ ಹಾಡನ್ನು ಹುಟ್ಟಿಸುವುದು ಎಸಿ ರೇಡಿಯೊದ ಕೆಲಸವಲ್ಲ. ಆ ಕೆಲಸ ಅದಕ್ಕೆ ಯಾವತ್ತೂ ಅಷ್ಟಾಗಿ ಬಂದದ್ದೂ ಇಲ್ಲ. ಹುಟ್ಟಿದ ಹಿಟ್‌ಗಳಲ್ಲಿ ಯಾವುದಕ್ಕೆ ಮುಪ್ಪಿನವರೆಗೂ ಬದುಕುವ ಯೋಗವಿದೆ ಎಂದು ತೀರ್ಮಾನಿಸುವುದು ಅದು. ಪಾಪ್ ಸಂಗೀತದ ಚರಿತ್ರೆ ಬರೆಯುವವರು ಹುಟ್ಟಿದ ಮನೆಗಳ ಬಗ್ಗೆ ಪುಟಗಟ್ಟಲೆ ಬರೆದಿದ್ದಾರೆ: ಗ್ಯಾರೇಜು, ಕ್ಲಬ್ಬು, ಬೀದಿ. ಹಾಡುಗಳು ಸಂಸಾರ ಮಾಡಿದ ಮನೆಯನ್ನು ಕಂಡರೆ ಅವರಿಗೆ ಆಕಳಿಕೆ.

ಈ ಮನೆ ಕಟ್ಟಿದ್ದೇ ಒಂದು ಜಗಳದಿಂದ. 1950ರ ದಶಕದ ಕೊನೆಗೆ ರಾಕ್ ಅಂಡ್ ರೋಲ್ ಅಮೆರಿಕದ ಮನೆಗಳನ್ನು ಎರಡು ಪಾಲು ಮಾಡಿತ್ತು. ಮಕ್ಕಳು ಕೇಳುವ ಕೇಂದ್ರವನ್ನು ಹೆತ್ತವರು ಕೇಳಲಾರರು. ಹೆತ್ತವರಿಗೆ ಬೇಕಾದ ಹಾಡು ಹಾಕಿದರೆ ಮಕ್ಕಳು ಎದ್ದು ಹೋಗುತ್ತಾರೆ. 1961ರ ಜುಲೈನಲ್ಲಿ ಬಿಲ್‌ಬೋರ್ಡ್ ‘ಈಸಿ ಲಿಸನಿಂಗ್’ ಎಂಬ ಹೊಸ ಪಟ್ಟಿಯನ್ನು ತಂದಿತು. ಅದನ್ನು ತಯಾರಿಸಿದ ರೀತಿ ನೋಡಿ: ಹೊಸದಾಗಿ ಯಾರನ್ನೂ ಕೇಳಲಿಲ್ಲ, ಲೆಕ್ಕ ಹಾಕಲಿಲ್ಲ. ಹಾಟ್ 100 ಪಟ್ಟಿಯನ್ನೇ ಜರಡಿಗೆ ಹಾಕಿ, ಗದ್ದಲದ ಹಾಡುಗಳನ್ನೆಲ್ಲ ಮೇಲೆ ಉಳಿಸಿ, ಕೆಳಗೆ ಉದುರಿದ್ದನ್ನು ಕ್ರಮವಾಗಿ ಜೋಡಿಸಿದರು. ಮೊದಲ ನಾಲ್ಕು ವರ್ಷ ನಡೆದದ್ದು ಹೀಗೆಯೇ. ಆ ಪಟ್ಟಿಯ ಮೊಟ್ಟಮೊದಲ ಅಗ್ರ ಹಾಡು ಬ್ರೂಕ್ ಬೆಂಟನ್ ಎಂಬ ಕಪ್ಪು ಗಾಯಕನದು ಎಂಬುದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಪಟ್ಟಿಯ ಹೆಸರು ಹಲವು ಬಾರಿ ಬದಲಾಯಿತು. ‘ಅಡಲ್ಟ್ ಕಂಟೆಂಪರರಿ’ ಆದದ್ದು 1979ರಲ್ಲಿ. ಹೆಸರು ಬದಲಾಗುವಷ್ಟರಲ್ಲಿ ಒಳಗಿನ ಸರಕೂ ಬದಲಾಗಿತ್ತು. ವಾದ್ಯವೃಂದದ ಹಿನ್ನೆಲೆಯಲ್ಲಿ ಹಾಡುವ ಹಳೆಯ ಗಾಯಕರ ಜಾಗಕ್ಕೆ ರಾಕ್ ಕೇಳಿಯೇ ಬೆಳೆದ, ಆದರೆ ಈಗ ಸ್ವಲ್ಪ ಮೆಲ್ಲಗೆ ಬಾಳಲು ಬಯಸುವ ಪೀಳಿಗೆಯ ಗಾಯಕರು ಬಂದರು. ಕಾರ್ಪೆಂಟರ್ಸ್ ಎಂಬ ಅಣ್ಣ ತಂಗಿಯರ ಜೋಡಿ ಈ ಪಟ್ಟಿಯಲ್ಲಿ 15 ಬಾರಿ ಮೊದಲ ಸ್ಥಾನಕ್ಕೇರಿತು. ತಂಗಿ ಕ್ಯಾರೆನ್ ಕಾರ್ಪೆಂಟರ್ ಅವರ ಧ್ವನಿಯನ್ನು ಆ ಕಾಲದ ರಾಕ್ ವಿಮರ್ಶಕರು ಸಪ್ಪೆ ಎಂದು ತಳ್ಳಿಹಾಕಿದರು. ಮಂದ್ರದಲ್ಲಿ, ಬಾಯಿ ಮೈಕಿಗೆ ತಾಗುವಷ್ಟು ಹತ್ತಿರ ನಿಂತು, ಒಂದಿಷ್ಟೂ ತೋರಿಕೆಯಿಲ್ಲದೆ ದುಃಖವನ್ನು ಹೇಳುವ ಆ ಧ್ವನಿಗೆ ಸಪ್ಪೆ ಎನ್ನುವವರ ಕಿವಿಯ ಬಗ್ಗೆ ನನಗೆ ಮರುಕವಿದೆ. ಆ ವಿಮರ್ಶಕರ ಬರಹ ಹಳೆಯ ಪತ್ರಿಕೆಗಳಲ್ಲಿ ಉಳಿಯಿತು, ಧ್ವನಿ ಗಾಳಿಯಲ್ಲಿ ಉಳಿಯಿತು.

1980ರ ದಶಕ ಎಸಿಯ ಸುಗ್ಗಿಕಾಲ. ಬರಿಯ ವಾದ್ಯಸಂಗೀತ ಹಾಕುತ್ತಿದ್ದ ‘ಬ್ಯೂಟಿಫುಲ್ ಮ್ಯೂಸಿಕ್’ ಕೇಂದ್ರಗಳ ಕೇಳುಗರಿಗೆ ವಯಸ್ಸಾಗಿ ಜಾಹೀರಾತುದಾರರು ದೂರ ಸರಿಯುತ್ತಿದ್ದರು. ಆ ಜಾಗಕ್ಕೆ ‘ಲೈಟ್’, ‘ಸಾಫ್ಟ್’ ಎಂಬ ಹೆಸರಿನ ಎಫ್‌ಎಂ ಕೇಂದ್ರಗಳು ಬಂದವು. ನ್ಯೂಯಾರ್ಕಿನ 106.7 ತರಂಗಾಂತರದಲ್ಲಿ ಡಬ್ಲ್ಯುಎಲ್‌ಟಿಡಬ್ಲ್ಯು ಕೇಂದ್ರ ‘ಲೈಟ್ ಎಫ್‌ಎಂ’ ಆದದ್ದು 1984ರಲ್ಲಿ. ಲಾಸ್ ಏಂಜಲೀಸಿನಲ್ಲಿ ಕೋಸ್ಟ್ 103.5, ಷಿಕಾಗೊದಲ್ಲಿ 93.9 ಲೈಟ್. ದಂತವೈದ್ಯರ ಕೋಣೆ, ಬ್ಯಾಂಕಿನ ಕೌಂಟರು, ಬಟ್ಟೆ ಅಂಗಡಿ, ಗುಮಾಸ್ತರ ಮೇಜು, ಎಲ್ಲ ಕಡೆ ಅದೇ. ಎಡಿಸನ್‌ನಲ್ಲೋ ಜೆರ್ಸಿ ಸಿಟಿಯಲ್ಲೋ, ನ್ಯೂಯಾರ್ಕಿನ ಆಸುಪಾಸಿನ ಊರುಗಳಲ್ಲಿ ಮನೆ ಮಾಡಿಕೊಂಡ ಕನ್ನಡಿಗರ ಕಾರುಗಳನ್ನೂ 106.7 ಮುಟ್ಟುತ್ತದೆ. ಅವರಲ್ಲಿ ಯಾರಾದರೂ ‘ಅಮೆರಿಕದ ಹಾಡು’ ಎಂದು ಗುನುಗಿದರೆ ಅದು ಫಿಲ್ ಕಾಲಿನ್ಸ್ ಅಥವಾ ಸೆಲೀನ್ ಡಿಯಾನ್ ಅವರದಾಗಿರುವ ಸಂಭವ ಹೆಚ್ಚು. ಒಬ್ಬರು ಇಂಗ್ಲೆಂಡಿನವರು, ಇನ್ನೊಬ್ಬರು ಕೆನಡಾದವರು ಎಂಬುದು ಬೇರೆ ಮಾತು.

ಹಾಗಾದರೆ ಯಾವ ಹಾಡು ಇಲ್ಲಿ ಸಲ್ಲುತ್ತದೆ ಎಂದು ಯಾರು ಹೇಳುವವರು? ರೇಡಿಯೊ ನಿರೂಪಕರಲ್ಲ. ಬಹಳ ಕಾಲದಿಂದ ಈ ತೀರ್ಮಾನ ನಡೆಯುವ ಜಾಗವೊಂದಿದೆ: ಹೋಟೆಲ್ಲಿನ ಸಭಾಂಗಣ. ಊರಿನ ನೂರಾರು ಜನರನ್ನು ಆರಿಸಿ, ಕೈಗಿಷ್ಟು ಹಣ ಕೊಡುತ್ತೇವೆಂದು ಹೇಳಿ ಕರೆಸುತ್ತಾರೆ. ಸಾಲು ಕುರ್ಚಿ, ಕೈಯಲ್ಲಿ ಅಂಕದ ಹಾಳೆ ಅಥವಾ ತಿರುಗಿಸುವ ಒಂದು ಗುಂಡಿ. ಸ್ಪೀಕರಿನಲ್ಲಿ ಒಂದು ಹಾಡಿನ ಏಳೆಂಟು ಸೆಕೆಂಡಿನ ತುಣುಕು ಬರುತ್ತದೆ. ಎಲ್ಲರಿಗೂ ನಾಲಗೆಯ ತುದಿಯಲ್ಲಿರುವ ಪಲ್ಲವಿಯ ಸಾಲು. ಅದಕ್ಕೆ ‘ಹುಕ್’ ಎನ್ನುತ್ತಾರೆ, ಗಾಳದ ಕೊಕ್ಕೆ. ಈ ಹಾಡು ಗೊತ್ತೇ? ಇಷ್ಟವೇ? ಕೇಳಿ ಕೇಳಿ ಸಾಕಾಗಿದೆಯೇ? ಅಂಕ ಹಾಕುವಷ್ಟರಲ್ಲಿ ಮುಂದಿನ ತುಣುಕು. ಒಂದು ಸಂಜೆಗೆ ಇಂಥ ನೂರಾರು. ಕೊನೆಕೊನೆಗೆ ಹಾಡು ಕೇಳುತ್ತಿದ್ದೇವೋ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದೇವೋ ಎಂಬ ಅನುಮಾನ ಬರಬೇಕು.

ಸಾಕಾಗಿದೆ ಎಂಬ ಉತ್ತರಕ್ಕೆ ಅವರ ವೃತ್ತಿಯ ಪದ ‘ಬರ್ನ್’, ಸೀದುಹೋಗುವುದು. ಟಾಪ್ 40 ಕೇಂದ್ರ ತನ್ನ ಹಾಡನ್ನು ದಿನಕ್ಕೆ ಹತ್ತಾರು ಸಲ ಹಾಕಿ ಬೇಗ ಸೀದುಬಿಡುತ್ತದೆ. ಎಸಿ ಸಣ್ಣ ಉರಿಯಲ್ಲಿಡುತ್ತದೆ. ಹೊಸ ಹಾಡನ್ನು ಇತರ ಕೇಂದ್ರಗಳು ಪರಿಚಯ ಮಾಡಿಸುವವರೆಗೆ ಕಾಯುತ್ತದೆ, ಗೊತ್ತಾದ ಮೇಲೆ ಒಳಗೆ ಬಿಟ್ಟುಕೊಳ್ಳುತ್ತದೆ, ಬಿಟ್ಟುಕೊಂಡ ಮೇಲೆ ಸುಲಭಕ್ಕೆ ಹೊರಗೆ ಕಳಿಸುವುದಿಲ್ಲ.

ಮದುವೆ ಮನೆಯಲ್ಲಿ ಸಾವಿರ ಎಲೆಗೆ ಸಾರು ಮಾಡುವ ಭಟ್ಟರನ್ನು ಕೇಳಿ. ಅವರ ಗುರಿ ಜೀವನದಲ್ಲೇ ಮರೆಯಲಾಗದ ಸಾರಲ್ಲ. ಅಜ್ಜನಿಗೆ ಖಾರವಾಗಬಾರದು, ಮಗುವಿಗೆ ಹುಳಿಯಾಗಬಾರದು, ಬೀಗರು ಮುಖ ಹಿಂಡಬಾರದು. ಅಂಥ ಸಾರನ್ನು ಹಗುರವಾಗಿ ಕಾಣುವವರು ಒಮ್ಮೆ ಮಾಡಿ ನೋಡಬೇಕು. ಎಸಿ ಹಾಡು ಇದೇ ಲೆಕ್ಕ. ಹತ್ತು ಜನರ ಕಚೇರಿಯಲ್ಲಿ ರೇಡಿಯೊ ಹಾಕಿದ್ದಾರೆ. ಒಂಬತ್ತು ಜನಕ್ಕೆ ಹಾಡು ತುಂಬ ಇಷ್ಟವಾಗಿ ಒಬ್ಬಳಿಗೆ ಮಾತ್ರ ಸಹಿಸಲಾಗದಿದ್ದರೆ ಕೇಂದ್ರ ಬದಲಾಗುತ್ತದೆ. ಹತ್ತೂ ಜನಕ್ಕೆ ‘ಪರವಾಗಿಲ್ಲ’ ಎನಿಸಿದರೆ ಸಂಜೆ ಐದರವರೆಗೆ ಯಾರೂ ಗುಂಡಿ ಮುಟ್ಟುವುದಿಲ್ಲ.

ಈ ‘ಪರವಾಗಿಲ್ಲ’ದ ಬೆಲೆಯನ್ನು ಏರಿಸಿದ್ದು ಒಂದು ಯಂತ್ರ. ಮೊದಲು ಕೇಳುಗರ ಲೆಕ್ಕ ನಡೆಯುತ್ತಿದ್ದುದು ಕಾಗದದ ದಿನಚರಿಯಲ್ಲಿ. ಆರ್ಬಿಟ್ರಾನ್ ಎಂಬ ಸಂಸ್ಥೆ ಆಯ್ದ ಮನೆಗಳಿಗೆ ಪುಟ್ಟ ಪುಸ್ತಕ ಕಳಿಸುತ್ತಿತ್ತು. ಒಂದು ವಾರ ಯಾವ ಕೇಂದ್ರವನ್ನು ಎಷ್ಟು ಹೊತ್ತು ಕೇಳಿದಿರಿ ಎಂದು ಬರೆದು ಹಿಂದಿರುಗಿಸಬೇಕು. ಜನ ಬರೆಯುವುದು ನೆನಪಿನಿಂದ. ಆದ್ದರಿಂದ ಕೇಂದ್ರಗಳು ತಮ್ಮ ಹೆಸರನ್ನು ಜಪದಂತೆ ಹೇಳುತ್ತಿದ್ದವು, ನಿರೂಪಕರು ಮರೆಯಲಾಗದವರಾಗಲು ಹೆಣಗುತ್ತಿದ್ದರು. 2007ರಲ್ಲಿ ಫಿಲಡೆಲ್ಫಿಯಾ ಮತ್ತು ಹೂಸ್ಟನ್‌ನಲ್ಲಿ ‘ಪೋರ್ಟಬಲ್ ಪೀಪಲ್ ಮೀಟರ್’ ಅಧಿಕೃತ ಅಳತೆಗೋಲಾಯಿತು. ಹಳೆಯ ಪೇಜರ್‌ನಷ್ಟು ದೊಡ್ಡದು, ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡಬೇಕಿತ್ತು. ಪ್ರಸಾರದೊಳಗೆ ನಮ್ಮ ಕಿವಿಗೆ ತಿಳಿಯದ ಸಂಕೇತವೊಂದನ್ನು ಹುದುಗಿಸಿರುತ್ತಾರೆ, ಯಂತ್ರ ಅದನ್ನು ಹಿಡಿಯುತ್ತದೆ. 2013ರಲ್ಲಿ ಆರ್ಬಿಟ್ರಾನ್ ಅನ್ನು ನೀಲ್ಸನ್ ಕೊಂಡಿತು. ಈಗ ಲೆಕ್ಕ ಅವರದು.

ಯಂತ್ರಕ್ಕೆ ಪ್ರೀತಿ ಗೊತ್ತಿಲ್ಲ. ನೀವು ಕಣ್ಣು ಮುಚ್ಚಿ ತಲೆದೂಗಿದ್ದೂ ಒಂದೇ, ತರಕಾರಿ ಅಂಗಡಿಯಲ್ಲಿ ಟೊಮೆಟೊ ಆರಿಸುವಾಗ ತಲೆಯ ಮೇಲಿನ ಸ್ಪೀಕರಿನಲ್ಲಿ ಏನೋ ಕೇಳಿಸಿದ್ದೂ ಒಂದೇ. ದಿನಚರಿಯಲ್ಲಿ ಯಾರೂ ‘ಅಂಗಡಿಯಲ್ಲಿ ಕೇಳಿದೆ’ ಎಂದು ಬರೆಯುತ್ತಿರಲಿಲ್ಲ, ಯಂತ್ರ ಬರೆಯುತ್ತದೆ. ಕಚೇರಿ, ಅಂಗಡಿ, ಆಸ್ಪತ್ರೆಗಳಲ್ಲಿ ಹಿನ್ನೆಲೆಯಾಗಿದ್ದ ಎಸಿ ಕೇಂದ್ರಗಳಿಗೆ ಇದು ಬಯಸದೆ ಬಂದ ಭಾಗ್ಯ. ಆದರೆ ಅದೇ ಯಂತ್ರ ಇನ್ನೊಂದನ್ನೂ ತೋರಿಸಿತು: ನಿರೂಪಕ ಬಾಯಿ ತೆರೆದ ಕೂಡಲೇ ಜನ ಕೇಂದ್ರ ಬದಲಿಸುತ್ತಾರೆ, ಅಪರಿಚಿತ ಹಾಡು ಬಂದರೂ ಬದಲಿಸುತ್ತಾರೆ. ಮಾತು ಕಡಿಮೆಯಾಯಿತು. ಹೊಸ ಹಾಡು ಇನ್ನೂ ಕಡಿಮೆಯಾಯಿತು. ಕೇಳಿದ ಹೊತ್ತನ್ನು ಕಾಲು ಗಂಟೆಗಳಲ್ಲಿ ಎಣಿಸುತ್ತಾರೆ. ಒಂದು ಕಾಲು ಗಂಟೆ ಲೆಕ್ಕಕ್ಕೆ ಸಿಗಬೇಕಾದರೆ ಕೇಳುಗ ಐದು ನಿಮಿಷವಾದರೂ ನಿಲ್ಲಬೇಕು ಎಂಬುದು ನಿಯಮವಾಗಿತ್ತು. 2025ರ ಜನವರಿಯಿಂದ ಅದನ್ನು ಮೂರು ನಿಮಿಷಕ್ಕೆ ಇಳಿಸಿದ್ದಾರೆ. ಮೂರು ನಿಮಿಷವೆಂದರೆ ಹೆಚ್ಚು ಕಡಿಮೆ ಒಂದು ಹಾಡು.

ಈ ವ್ಯವಸ್ಥೆಯಲ್ಲಿ ಹಾಡಿಗೆ ಎಂಥ ಆಯುಸ್ಸು ಸಿಗುತ್ತದೆ ಎಂಬುದಕ್ಕೆ ಆಸ್ಟ್ರೇಲಿಯಾದ ಸ್ಯಾವೇಜ್ ಗಾರ್ಡನ್ ಜೋಡಿಯ ‘ಟ್ರೂಲಿ ಮ್ಯಾಡ್ಲಿ ಡೀಪ್ಲಿ’ ಸಾಕ್ಷಿ. 1990ರ ದಶಕದ ಕೊನೆಯಲ್ಲಿ ಅದು ಎಸಿ ಪಟ್ಟಿಯಲ್ಲಿ 123 ವಾರ ಇತ್ತು. ಅಂಕಲ್ ಕ್ರ್ಯಾಕರ್ ಎಂಬ ಗಾಯಕ 2003ರಲ್ಲಿ ಹಳೆಯ ಹಾಡೊಂದನ್ನು ಮತ್ತೆ ಹಾಡಿದಾಗ ಅದು 28 ವಾರ ಮೊದಲ ಸ್ಥಾನ ಬಿಟ್ಟು ಕದಲಲಿಲ್ಲ. ಅರ್ಧ ವರ್ಷಕ್ಕೂ ಹೆಚ್ಚು. ಅಮೆರಿಕದ ಹಳ್ಳಿಯ ಸೊಗಡಿನ ‘ಕಂಟ್ರಿ’ ಸಂಗೀತದ ಗಾಯಕಿ ಫೇತ್ ಹಿಲ್ ಅವರ ‘ಬ್ರೀದ್’ ಒಂದು ವಾರವೂ ಹಾಟ್ 100ರ ತುದಿ ಮುಟ್ಟಲಿಲ್ಲ. ಎರಡನೇ ಸ್ಥಾನವೇ ಅದರ ಎತ್ತರ. ಆದರೆ 2000ನೇ ಇಸವಿಯ ಇಡೀ ವರ್ಷದ ಪಟ್ಟಿಯಲ್ಲಿ ಮೊದಲನೆಯದು ಅದೇ. ಟೆಡ್ಡಿ ಸ್ವಿಮ್ಸ್‌ಗೆ 24 ವರ್ಷ ಮೊದಲೇ ಇದೇ ಆಟ ನಡೆದಿತ್ತು.

ಇಲ್ಲಿ ಹಣದ ಮಾತು ಬರಲೇಬೇಕು. ಅಮೆರಿಕದ ಸಾಮಾನ್ಯ ಎಎಂ, ಎಫ್‌ಎಂ ಕೇಂದ್ರಗಳು ಹಾಡು ಪ್ರಸಾರ ಮಾಡಿದಾಗ ಸಾಹಿತ್ಯ, ರಾಗ ರಚಿಸಿದವರಿಗೆ ರಾಯಧನ ಕೊಡುತ್ತವೆ. ಹಾಡಿದವರಿಗೆ, ನುಡಿಸಿದವರಿಗೆ ಒಂದು ಸೆಂಟೂ ಇಲ್ಲ. ರೇಡಿಯೊ ಪ್ರಚಾರ ಕೊಡುತ್ತದೆ, ಅದೇ ಸಾಲದೆ ಎಂಬುದು ಹಳೆಯ ವಾದ. ಶ್ರೀಮಂತ ದೇಶಗಳಲ್ಲಿ ಹೀಗೆ ನಡೆದುಕೊಳ್ಳುವುದು ಇದೊಂದೇ ಎನ್ನುವಷ್ಟು ಅಪರೂಪದ ಕ್ರಮ. ಬದಲಿಸಲು ಮಸೂದೆಗಳು ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನಲ್ಲಿ ವರ್ಷಗಳಿಂದ ಕುಂಟುತ್ತಿವೆ. ಹೀಗಾಗಿ ಎಸಿಯಲ್ಲಿ ನೆಲೆ ಕಂಡ ಹಾಡು ಅದನ್ನು ಬರೆದವರ ಪಾಲಿಗೆ ತೆಂಗಿನ ತೋಟ. ಒಮ್ಮೆ ನೆಟ್ಟರೆ ಮಕ್ಕಳ ಕಾಲಕ್ಕೂ ಕಾಯಿ. ರಾಯಧನ ಸಂಗ್ರಹಿಸುವ ಬಿಎಂಐ ಸಂಸ್ಥೆ 1999ರಲ್ಲಿ, ಇಪ್ಪತ್ತನೆಯ ಶತಮಾನದಲ್ಲಿ ಅತಿ ಹೆಚ್ಚು ಪ್ರಸಾರವಾದ ಹಾಡು ರೈಟಸ್ ಬ್ರದರ್ಸ್ ಜೋಡಿ 1964ರಲ್ಲಿ ಹಾಡಿದ ‘ಯೂ ಹ್ಯಾವ್ ಲಾಸ್ಟ್ ದಟ್ ಲವಿಂಗ್ ಫೀಲಿಂಗ್’ ಎಂದು ಘೋಷಿಸಿತು. 80 ಲಕ್ಷ ಸಲ. ಹಾಡಿನ ನಿಜವಾದ ಉದ್ದ 3 ನಿಮಿಷ 45 ಸೆಕೆಂಡು. ಉದ್ದದ ಹಾಡನ್ನು ರೇಡಿಯೊದವರು ಮುಟ್ಟುವುದಿಲ್ಲವೆಂದು ನಿರ್ಮಾಪಕ ಫಿಲ್ ಸ್ಪೆಕ್ಟರ್ ಗ್ರಾಮಫೋನ್ ತಟ್ಟೆಯ ಮೇಲೆ 3:05 ಎಂದು ಸುಳ್ಳು ಅಚ್ಚು ಹಾಕಿಸಿದ್ದ. ಒಂದರ ಹಿಂದೆ ಒಂದು ಬಿಡುವಿಲ್ಲದೆ ನುಡಿಸಿದರೆ 80 ಲಕ್ಷ ಸಲ ಕೇಳಿ ಮುಗಿಸಲು 57 ವರ್ಷ ಬೇಕು. ಒಬ್ಬ ಮನುಷ್ಯನ ದುಡಿಯುವ ಆಯುಸ್ಸಿಗಿಂತ ಹೆಚ್ಚು.

ಇಂಥ ತೋಟದ ಆಸೆ ಯಾರಿಗಿಲ್ಲ? ಹಾಡು ಕಟ್ಟುವ ರೀತಿಯನ್ನೇ ಈ ಆಸೆ ತಿದ್ದಿತು. ಗಡಸು ರಾಕ್ ತಂಡಗಳೂ ಆಲ್ಬಮ್ಮಿಗೊಂದು ನಿಧಾನಗತಿಯ ಪ್ರೇಮಗೀತೆ ಸೇರಿಸುವುದು ವಾಡಿಕೆಯಾಯಿತು. ಒಂದೇ ಹಾಡಿಗೆ ಎರಡು ಮೂರು ಮೈ ಹೊಲಿಸುವುದೂ ಬಂತು. ಗಾಯಕಿ ಷನಾಯ ಟ್ವೇನ್ 2002ರಲ್ಲಿ ‘ಅಪ್’ ಎಂಬ ಒಂದೇ ಆಲ್ಬಮ್ಮನ್ನು ಮೂರು ಬಣ್ಣದಲ್ಲಿ ಹೊರತಂದರು: ಪಾಪ್ ಕೇಳುಗರಿಗೆ ಕೆಂಪು, ಕಂಟ್ರಿಯವರಿಗೆ ಹಸಿರು, ಹೊರದೇಶಗಳಿಗೆ ನೀಲಿ. ಹಾಡು ಅದೇ, ಕಂಠ ಅದೇ. ಪಿಟೀಲು ಇರುವ ಕಡೆ ಸಿಂಥಸೈಸರ್, ಅಷ್ಟೇ. ನಡುವೆ ರ‍್ಯಾಪ್ ಇರುವ ಹಾಡಿನಿಂದ ಆ ಭಾಗವನ್ನು ಕತ್ತರಿಸಿ ಎಸಿ ಕೇಂದ್ರಗಳಿಗೆ ಬೇರೆ ಪ್ರತಿ ಕೊಡುವುದಂತೂ ಮಾಮೂಲು.

ಆ ಕತ್ತರಿಯ ಬಗ್ಗೆ ಸ್ವಲ್ಪ ನಿಲ್ಲಬೇಕು. 1990ರ ದಶಕದ ಆರಂಭದಲ್ಲಿ ಹಲವು ಕೇಂದ್ರಗಳು ‘ರ‍್ಯಾಪ್ ಇಲ್ಲ’ ಎಂದೇ ಜಾಹೀರಾತು ಹಾಕಿಕೊಂಡವು. ಯಾವುದನ್ನು ಹಾಕುತ್ತೇವೆ ಎಂಬುದಕ್ಕಿಂತ ಯಾವುದನ್ನು ಹಾಕುವುದಿಲ್ಲ ಎಂಬುದೇ ಮಾರಾಟದ ಮಾತು. ‘ಮೃದು’, ‘ಹಗುರ’ ಎಂಬ ಪದಗಳು ಕೇಳಲು ನಿರುಪದ್ರವಿ. ಆದರೆ ಯಾರ ಕಿವಿಗೆ ಮೃದು ಎಂದು ಕೇಳಿದರೆ ಉತ್ತರ ಬಹುತೇಕ ಬಿಳಿಯರ ಬಡಾವಣೆಗಳ ಕಡೆಗೇ ಬೆರಳು ತೋರಿಸುತ್ತದೆ. ಕಪ್ಪು ಗಾಯಕರಿಗೆ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಬ್ರೂಕ್ ಬೆಂಟನ್ ಅವರಿಂದ ಲಯನೆಲ್ ರಿಚಿ, ವಿಟ್ನಿ ಹ್ಯೂಸ್ಟನ್ ವರೆಗೆ ಎಷ್ಟೋ ಜನ ಒಳಗೆ ಬಂದರು. ಆದರೆ ಲೂಥರ್ ವ್ಯಾಂಡ್ರಾಸ್ ಅವರನ್ನು ನೋಡಿ. ಆ ಕಂಠಕ್ಕಿಂತ ಮೃದುವಾದದ್ದು ಎಲ್ಲಿದೆ? 1981ರಲ್ಲಿ ‘ನೆವರ್ ಟೂ ಮಚ್’ ಕಪ್ಪು ಸಂಗೀತದ ಪಟ್ಟಿಯಲ್ಲಿ ಮೊದಲನೆಯದು, ಹಾಟ್ 100ರಲ್ಲಿ 33ನೆಯದು. ಪಾಪ್ ಪಟ್ಟಿಯ ಮೊದಲ ಹತ್ತರೊಳಗೆ ಒಬ್ಬರೇ ಕಾಲಿಡಲು ಅವರಿಗೆ 1990 ಆಗಬೇಕಾಯಿತು. ಮೃದುತ್ವವೊಂದೇ ಅರ್ಹತೆಯಾಗಿದ್ದರೆ ಅಷ್ಟು ವರ್ಷ ಕಾಯಬೇಕಿರಲಿಲ್ಲ.

ಅತ್ತ ಕಪ್ಪು ಕೇಳುಗರು ತಮ್ಮದೇ ಮೃದು ರೇಡಿಯೊ ಕಟ್ಟಿಕೊಂಡಿದ್ದರು. ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದ ಡಬ್ಲ್ಯುಎಚ್‌ಯುಆರ್ ಕೇಂದ್ರದಲ್ಲಿ 1976ರಲ್ಲಿ ಮೆಲ್ವಿನ್ ಲಿಂಡ್ಸೆ ಎಂಬ ವಿದ್ಯಾರ್ಥಿ ರಾತ್ರಿಯ ಹೊತ್ತು ‘ಸೋಲ್’ ಎಂಬ ಕಪ್ಪು ಸಂಗೀತ ಪ್ರಕಾರದ ನಿಧಾನಗತಿಯ ಹಾಡುಗಳನ್ನು ಒಂದರ ಹಿಂದೆ ಒಂದು ಹಾಕಲು ಶುರು ಮಾಡಿದ. ಸ್ಮೋಕಿ ರಾಬಿನ್ಸನ್ ಅವರ ಆಲ್ಬಮ್ಮಿನ ಹೆಸರನ್ನೇ ಕಾರ್ಯಕ್ರಮಕ್ಕೂ ಇಟ್ಟರು: ‘ಕ್ವಾಯಟ್ ಸ್ಟಾರ್ಮ್’, ಸದ್ದಿಲ್ಲದ ಬಿರುಗಾಳಿ. ನಗರ ನಗರಕ್ಕೂ ಅದು ಹಬ್ಬಿ, ಮುಂದೆ ‘ಅರ್ಬನ್ ಎಸಿ’ ಎಂಬ ಬೇರೆಯದೇ ಮಾದರಿಯಾಯಿತು. ಒಂದೇ ಊರಿನಲ್ಲಿ, ಒಂದೇ ರಾತ್ರಿ, ಒಂದೇ ವಯಸ್ಸಿನ ಜನ, ಎರಡು ತರಂಗಾಂತರ. ಅಮೆರಿಕ ತನ್ನ ಬಗ್ಗೆ ಹೇಳಿಕೊಳ್ಳದ ಎಷ್ಟೋ ಸಂಗತಿಗಳನ್ನು ರೇಡಿಯೊದ ಗುಂಡಿ ತಿರುಗಿಸಿದರೆ ತಿಳಿಯಬಹುದಿತ್ತು.

ಎಸಿಯನ್ನು ಒಂದು ಶೈಲಿ ಎಂದುಕೊಂಡರೆ ಮೋಸ ಹೋಗುತ್ತೇವೆ. ಅದು ವಯಸ್ಸಿನ ಕಿಟಕಿ. ಕಿಟಕಿ ನಿಂತಲ್ಲೇ ನಿಂತಿದೆ, ಜನ ಅದರೊಳಗೆ ಹಾದುಹೋಗುತ್ತಾರೆ, ಹೋಗುವಾಗ ತಮ್ಮ ಹದಿಹರೆಯದ ಹಾಡುಗಳನ್ನು ಜೊತೆಗೆ ತರುತ್ತಾರೆ. 1981ರಲ್ಲಿ ‘ಲೈಟ್’ ಕೇಂದ್ರದ ಹತ್ತಿರವೂ ಸುಳಿಯಲಾಗದಿದ್ದ ಜರ್ನಿ ತಂಡದ ಗಿಟಾರ್ ಗರ್ಜನೆ ಇಂದು ಅದೇ ಕೇಂದ್ರದ ಮಧ್ಯಾಹ್ನದ ಹಾಡು. ಬಾನ್ ಜೋವಿ ಈಗ ದಂತವೈದ್ಯರ ಕೋಣೆಗೆ ಸಲ್ಲುತ್ತಾನೆ. ಹಾಡು ಮೃದುವಾಗಲಿಲ್ಲ, ಕೇಳುವವರಿಗೆ ಮೊಣಕಾಲು ನೋವು ಬಂತು. ಹಿಂದಿನ ಪೀಳಿಗೆಯ ಎಸಿ ಗಾಯಕರಾದ ಬ್ಯಾರಿ ಮ್ಯಾನಿಲೋ, ಆ್ಯನ್ ಮರ‍್ರಿ ಮುಂತಾದವರು ಕಿಟಕಿ ದಾಟಿ ಆಚೆ ಹೋದರು.

ಹಗಲಿನ ಎಸಿ ಹಿನ್ನೆಲೆಯಾದರೆ ರಾತ್ರಿಯದು ಬೇರೆ ಪ್ರಾಣಿ. ಡೆಲೈಲಾ ಎಂಬ ನಿರೂಪಕಿ 1990ರ ದಶಕದಿಂದ ಸಿಯಾಟಲ್ ಕಡೆಯಿಂದ ನೂರಾರು ಕೇಂದ್ರಗಳಿಗೆ ರಾತ್ರಿಯ ಕಾರ್ಯಕ್ರಮ ಮಾಡುತ್ತಿದ್ದಾರೆ. ಗಂಡ ಬಿಟ್ಟುಹೋದವಳು, ಮಗ ಸೇನೆಗೆ ಸೇರಿದವಳು, ಮೂವತ್ತು ವರ್ಷದ ಮೇಲೆ ಹಳೆಯ ಗೆಳತಿ ಸಿಕ್ಕವನು ಕರೆ ಮಾಡುತ್ತಾರೆ. ಎಷ್ಟೋ ಸಲ ಅವರು ಹಾಡಿನ ಹೆಸರು ಹೇಳುವುದೇ ಇಲ್ಲ, ಕಥೆ ಹೇಳುತ್ತಾರೆ. ಹಾಡನ್ನು ಆರಿಸುವುದು ಡೆಲೈಲಾ. ಸಾವಿರ ಸಲ ಕೇಳಿ ಸವೆದ ಪಲ್ಲವಿ ಆ ಕರೆಯ ಮುಂದೆ ಕೂತಾಗ ಹೊಸದಾಗಿ ಚುಚ್ಚುತ್ತದೆ. ವಿವಿಧ ಭಾರತಿಯ, ಆಕಾಶವಾಣಿಯ ಕೋರಿಕೆ ಕಾರ್ಯಕ್ರಮಗಳನ್ನು ಕೇಳಿ ಬೆಳೆದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ. ಅಂಚೆ ಕಾರ್ಡಿನಲ್ಲಿ ಅಪ್ಪ, ಅಮ್ಮ, ಪುಟ್ಟಿ, ಪುಟ್ಟ, ಪಕ್ಕದ ಮನೆಯವರು ಎಂದು ಹೆಸರುಗಳ ಮೆರವಣಿಗೆ. ಹಾಡಿಗಿಂತ ನಮ್ಮ ಊರಿನ ಹೆಸರು ಬಂತೇ ಎಂಬ ಕಾತರವೇ ದೊಡ್ಡದು. ನಮ್ಮಲ್ಲಿ ಹೆಸರು ಓದಿದರು, ಅವರು ದುಃಖ ಓದಿದರು. ಎರಡೂ ಕಡೆ ಹಾಡು ನೆಪ.

ಇನ್ನು ಕ್ರಿಸ್‌ಮಸ್. ನವೆಂಬರ್ ನಡುವಿನಿಂದ, ಕೆಲವು ಕಡೆ ಅದಕ್ಕೂ ಮೊದಲೇ, ನೂರಾರು ಎಸಿ ಕೇಂದ್ರಗಳು ಉಳಿದೆಲ್ಲ ಹಾಡುಗಳನ್ನು ಕಪಾಟಿಗೆ ಸೇರಿಸಿ ಬರಿಯ ಹಬ್ಬದ ಹಾಡು ಹಾಕುತ್ತವೆ. ಕೇಳುಗರ ಸಂಖ್ಯೆ ಆಗ ಚಿಮ್ಮುತ್ತದೆ. ಕೆಲವು ಕೇಂದ್ರಗಳಿಗೆ ವರ್ಷದ ಸಂಪಾದನೆಯ ಹೊತ್ತು ಅದೇ. ಬ್ರೆಂಡಾ ಲೀ 1958ರಲ್ಲಿ, ತಮ್ಮ 13ನೇ ವಯಸ್ಸಿನಲ್ಲಿ ಹಾಡಿದ ಕ್ರಿಸ್‌ಮಸ್ ಗೀತೆ 2023ರ ಡಿಸೆಂಬರ್‌ನಲ್ಲಿ ಹಾಟ್ 100ರ ಮೊದಲ ಸ್ಥಾನಕ್ಕೆ ಬಂದಾಗ ಆಕೆಗೆ 78. ಆ ವಾರ ಹಾಡನ್ನು ಎತ್ತಿ ಮೇಲಿಟ್ಟದ್ದು ಮೊಬೈಲ್‌ನ ಕೇಳುಗರೇ ಸರಿ. ಆದರೆ ಅರವತ್ತು ಚಳಿಗಾಲ ಅದನ್ನು ಕೆಡದಂತೆ ಭರಣಿಯಲ್ಲಿಟ್ಟು ಕಾಯ್ದದ್ದು ಯಾರು?

ಈಗ ಬಿಲ್‌ಬೋರ್ಡ್‌ನ ನಿಯಮಕ್ಕೆ ಮರಳೋಣ. ಹಾಟ್ 100ರ ಲೆಕ್ಕದಲ್ಲಿ ಆನ್‌ಲೈನ್ ಕೇಳುವಿಕೆ, ಮಾರಾಟ, ರೇಡಿಯೊ ಮೂರೂ ಸೇರುತ್ತವೆ. ರೇಡಿಯೊ ಪಾಲನ್ನು ಹಾಡು ಎಷ್ಟು ಸಲ ಬಂತು ಎಂಬುದರಿಂದಲ್ಲ, ಎಷ್ಟು ಕಿವಿಗಳನ್ನು ಮುಟ್ಟಿತು ಎಂಬ ಅಂದಾಜಿನಿಂದ ಅಳೆಯುತ್ತಾರೆ. ಹಿಂದೆ 52 ವಾರ ದಾಟಿದ ಹಾಡು 25ನೇ ಸ್ಥಾನದಿಂದ ಕೆಳಗಿಳಿದರೆ ಮಾತ್ರ ಪಟ್ಟಿ ಬಿಡಬೇಕಿತ್ತು. ಈಗ 26 ವಾರಕ್ಕೇ ಆ ಗೆರೆ. 52 ವಾರವಾದರೆ ಮೊದಲ ಹತ್ತರಲ್ಲಿರಬೇಕು, 78 ವಾರವಾದರೆ ಮೊದಲ ಐದರಲ್ಲಿ. ಹೊಸಬರಿಗೆ ಜಾಗ ಮಾಡಿಕೊಡುವುದು ಉದ್ದೇಶ, ಅದು ನ್ಯಾಯವೇ. ಆದರೆ ಇದು ಜ್ವರ ಇಳಿಸಲು ಥರ್ಮಾಮೀಟರನ್ನು ಐಸಿನಲ್ಲಿಟ್ಟಂತಾಯಿತು. ಹಾಡು ಪಟ್ಟಿಯಿಂದ ಹೋಯಿತು, ರೇಡಿಯೊದಿಂದ ಹೋಗಲಿಲ್ಲ.

ರೇಡಿಯೊ ಯಾಕೆ ಬಿಡುತ್ತಿಲ್ಲ ಎಂಬುದು ನಿಜವಾದ ಪ್ರಶ್ನೆ. ಒಂದು ಕಾರಣ ಒಡೆತನ. 1996ರ ದೂರಸಂಪರ್ಕ ಕಾಯ್ದೆ ಬರುವವರೆಗೆ ಒಂದು ಕಂಪನಿ ದೇಶದಲ್ಲಿ 40ಕ್ಕಿಂತ ಹೆಚ್ಚು ಕೇಂದ್ರ ಹೊಂದುವಂತಿರಲಿಲ್ಲ. ಮಿತಿ ಎದ್ದುಹೋದ ಕೆಲವೇ ವರ್ಷಗಳಲ್ಲಿ ಕ್ಲಿಯರ್ ಚಾನೆಲ್ ಸಂಸ್ಥೆಯ ಕೈಯಲ್ಲಿ 1,200ರಷ್ಟು ಕೇಂದ್ರಗಳಿದ್ದವು. ಹೆಸರು ಬದಲಿಸಿ ಐಹಾರ್ಟ್‌ಮೀಡಿಯಾ ಆದ ಮೇಲೆ 2018ರಲ್ಲಿ ಅದು ದಿವಾಳಿ ರಕ್ಷಣೆ ಕೋರಿ ನ್ಯಾಯಾಲಯದ ಮೆಟ್ಟಿಲೇರಿತು. ಸಾಲದ ಹೊರೆಯಿರುವವರು ಹೊಸ ಹಾಡಿನ ಮೇಲೆ ಜೂಜಾಡುವುದಿಲ್ಲ. ಊರೂರಿನ ಆಯ್ಕೆಗಾರರು ಕಡಿಮೆಯಾದರು, ಒಂದು ಕಡೆ ಕೂತು ಹಲವು ಊರಿಗೆ ಪಟ್ಟಿ ಮಾಡುವುದು ಸಾಮಾನ್ಯವಾಯಿತು.

ಇನ್ನೊಂದು ಕಾರಣ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ಎಸಿ ಬೆಳೆಗಾರನಲ್ಲ, ಉಗ್ರಾಣದವನು. ಮೊದಲು ಟಾಪ್ 40 ಕೇಂದ್ರಗಳು, ಎಂಟಿವಿ, ಸಿನಿಮಾಗಳು ಹಾಡನ್ನು ಇಡೀ ಊರಿಗೆ ಪರಿಚಯಿಸುತ್ತಿದ್ದವು. ಎಸಿ ಅವುಗಳಲ್ಲಿ ಬಾಳುವಂಥದ್ದನ್ನು ಆರಿಸಿಕೊಳ್ಳುತ್ತಿತ್ತು. ಈಗ ಒಬ್ಬೊಬ್ಬರ ಮೊಬೈಲ್‌ನಲ್ಲಿ ಒಂದೊಂದು ಪ್ರಪಂಚ. ಕೋಟಿಗಟ್ಟಲೆ ಸಲ ಕೇಳಿಸಿಕೊಂಡ ಹಾಡು ಪಕ್ಕದ ಮನೆಯವರಿಗೆ ಗೊತ್ತೇ ಇರುವುದಿಲ್ಲ. ಅಮ್ಮ, ಮಗಳು, ಅಂಗಡಿಯವ ಮೂವರಿಗೂ ಗೊತ್ತಿರುವ ಹಾಡು ವರ್ಷಕ್ಕೆ ನಾಲ್ಕೈದು ಸಿಕ್ಕರೆ ಹೆಚ್ಚು. ಸಿಕ್ಕದ್ದನ್ನು ಉಗ್ರಾಣದವನು ಎರಡು ವರ್ಷ ಬಿಡದೆ ಬಡಿಸುತ್ತಾನೆ. ‘ಲೂಸ್ ಕಂಟ್ರೋಲ್’ನ 112 ವಾರಗಳಲ್ಲಿ ಆ ಹಾಡಿನ ಕಸುವು ಎಷ್ಟು, ಅದರ ಸುತ್ತಲಿನ ಬರಗಾಲ ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಸಭಾಂಗಣದ ಪರೀಕ್ಷೆ ಈಗ ಬಹುಪಾಲು ಆನ್‌ಲೈನ್‌ಗೆ ಬಂದಿದೆ. ಮನೆಯಲ್ಲೇ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿ, ಒಂದೊಂದು ತುಣುಕಿಗೂ ಗುಂಡಿ ಒತ್ತಬೇಕು. ಪ್ರಶ್ನೆಗಳು ಬದಲಾಗಿಲ್ಲ. ಇಷ್ಟವೇ, ಸಾಕಾಗಿದೆಯೇ ಎಂಬವು ಬರುವುದು ಆಮೇಲೆ. ಮೊದಲು, ಈ ಹಾಡು ನಿಮಗೆ ಗೊತ್ತೇ? ‘ಗೊತ್ತಿಲ್ಲ’ ಎಂದು ಒತ್ತಿದರೆ ಉಳಿದ ಪ್ರಶ್ನೆಗಳಿಗೆ ಅರ್ಥವಿಲ್ಲ. ಮುಂದಿನ ತುಣುಕು ಶುರುವಾಗುತ್ತದೆ.